ಗಾಲಿ ಆರುವ ತನಕ

ಬ್ರೇಕು ಕಾದಾಗ ಒಂದು ವಾಸನೆ ಬರುತ್ತದೆ. ಸುಟ್ಟ ಕೂದಲಿನ ಹಾಗೆ, ಸ್ವಲ್ಪ ಸುಟ್ಟ ರಬ್ಬರಿನ ಹಾಗೆ... ಒಮ್ಮೆ ಮೂಗಿಗೆ ಹತ್ತಿದರೆ ಊಟದ ಹೊತ್ತಿಗೂ ಬಿಡುವುದಿಲ್ಲ. ಹೋದ ವಾರ ಹುಮನಾಬಾದಿನ ಬಜಾರಿನಲ್ಲಿ ನನ್ನ ಹಳೆಯ ವ್ಯಾನು ನಿಲ್ಲಿಸಿ ಕೆಳಗಿಳಿದಾಗ ಅದೇ ವಾಸನೆ ಬಡಿಯಿತು. ಬರುವಾಗ ರಾಜೇಶ್ವರದ ಹತ್ತಿರ ಬ್ರೇಕು ಒತ್ತಿದಾಗಲೇ ಸ್ಟೇರಿಂಗು ಕೈಯಲ್ಲಿ ನಡುಗಿತ್ತು. ವ್ಯಾನಿನ ತುಂಬ ಹೊಲಿದ ಬ್ಲೌಸು, ಲಂಗಗಳ ಗಂಟು. ಅಂಗಡಿಯವರು ಆಗಲೇ ಎರಡು ಸಲ ಫೋನು ಮಾಡಿದ್ದರು. ನಾನು ಎಲ್ಲ ಬಿಟ್ಟು ಮುಂದಿನ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

ಎದುರಿನ ಗ್ಯಾರೇಜಿನವನು ಕೈ ಒರೆಸಿಕೊಳ್ಳುತ್ತ ಬಂದ. ನಡುಕದ ಮಾತು ಹೇಳಿದೆ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. "ಹಳೀ ಗಾಡಿ ಅದರಿ ಅಕ್ಕಾ. ನಡುಗೂದ ಅದು. ಮಾರಿ ಬಿಡ್ರಿ" ಅಂದ. ಗಾಲಿಯನ್ನು ಮುಟ್ಟಿಯೂ ನೋಡಿರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಪಾಪ, ಅವನದೇನೂ ತಪ್ಪಿಲ್ಲ. ಆ ಸಿಟ್ಟು ಬಹಳ ಹಳೆಯದು, ಅವನು ಹುಟ್ಟುವುದಕ್ಕೂ ಮೊದಲಿನದಿದ್ದರೂ ಇರಬಹುದು. ನಡುಗುವ ಗಾಡಿ ಕಂಡ ಕೂಡಲೇ ಅದನ್ನು ನಡೆಸುವವಳ ಕಡೆಗೆ ತಿರುಗಿ ತೀರ್ಪು ಹೇಳುವ ಜನರನ್ನು ನಾನು ಮೊದಲೇ ನೋಡಿದ್ದೇನೆ.

ಬಸವಕಲ್ಯಾಣದಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯಲ್ಲಿ ಒಬ್ಬಳು ಕಾಕು, ಅಂದರೆ ಚಿಕ್ಕಮ್ಮ, ಇದ್ದಳು. ನಮಗೆ ರಕ್ತಸಂಬಂಧವೇನೂ ಇರಲಿಲ್ಲ. ಹುಲಸೂರ ಕಡೆಯಿಂದ ಮದುವೆಯಾಗಿ ಬಂದವಳು, ಮಾತಿಗೊಮ್ಮೆ ಮರಾಠಿ ನುಸುಳುತ್ತಿತ್ತು. ಬೆಳಗಾದರೆ ಕಟ್ಟೆಯ ಮೇಲೆ ಕೂತು ಹಲ್ಲಿಗೆ ಮಿಸ್ರಿ, ಅದೇ ಸುಟ್ಟ ತಂಬಾಕಿನ ಪುಡಿ, ತಿಕ್ಕುತ್ತ ಓಣಿಯ ಎಲ್ಲರನ್ನೂ ವಿಚಾರಿಸುವಳು. ಯಾರ ಮಾತನ್ನೂ ಪೂರ್ತಿ ಕೇಳುವಳಲ್ಲ. ಮೆತ್ತಗಿನ ಹೆಂಗಸು ಎಂದು ಆಕೆಯನ್ನು ಯಾರೂ ಹೇಳುವಂತಿರಲಿಲ್ಲ. ಓಣಿಯೆಲ್ಲ ಜೀಪಿನ ಕಾಕು ಎಂದೇ ಕರೆಯುತ್ತಿತ್ತು.

ಜೀಪು ಮೊದಲು ಆಕೆಯ ಗಂಡನ ಕೈಯಲ್ಲಿತ್ತು. ಕಾಕಾ ಅದನ್ನು ಬಸವಕಲ್ಯಾಣ ಮತ್ತು ಹುಮನಾಬಾದಿನ ನಡುವೆ ಜನ ತುಂಬಿಕೊಂಡು ಓಡಿಸುತ್ತಿದ್ದ. ಆಮೇಲೆ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಬಂತು. ಒಂದು ಸಂಜೆ ಬಂಗ್ಲಾ ಕ್ರಾಸಿನಲ್ಲಿ ಎದುರಿಗೆ ನಿಂತಿದ್ದ ಎತ್ತಿನ ಗಾಡಿ ಅವನಿಗೆ ಕೊನೆಯ ಗಳಿಗೆಯವರೆಗೂ ಕಾಣಲಿಲ್ಲವಂತೆ. ಮನೆಗೆ ಬಂದು ಚಾವಿಯನ್ನು ಗೂಡಿನಲ್ಲಿಟ್ಟು, ಇನ್ನು ಆಗುವುದಿಲ್ಲ ಎಂದು ಕೂತ. ಜೀಪು ಮಾರುತ್ತಾರೆಂದು ಓಣಿಯವರು ಗಿರಾಕಿಯನ್ನೂ ಹುಡುಕತೊಡಗಿದರು. ಮರುದಿನ ಬೆಳಿಗ್ಗೆ ಕಾಕು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೂಡಿನ ಚಾವಿ ಎತ್ತಿಕೊಂಡು ಹೊರಗೆ ಬಂದಳು. ಹೊಲದಿಂದ ತೊಗರಿ ಚೀಲ ತರುವಾಗ ಕಾಕಾನೇ ಆಕೆಗೆ ಗಾಡಿ ಕಲಿಸಿದ್ದ, ಲೈಸೆನ್ಸನ್ನೂ ಮಾಡಿಸಿಟ್ಟಿದ್ದ. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ.

ನಾನು ಆಗಷ್ಟೇ ಹೊಲಿಗೆಯ ಗಂಟುಗಳನ್ನು ಹುಮನಾಬಾದಿನ ಅಂಗಡಿಗಳಿಗೆ ಒಯ್ಯಲು ಶುರುಮಾಡಿದ್ದೆ. ಬಸ್ಸಿನವರು ಗಂಟು ಕಂಡರೆ ಮುಖ ತಿರುಗಿಸುವರು. ಕಾಕು ಜೀಪು ನಿಲ್ಲಿಸಿ, "ಗಂಟ ಮ್ಯಾಗ ಒಗಿ, ನೀ ನನ್ನ ಬಾಜೂಕ ಕೂಡು" ಅಂದಳು. ಅಂದಿನಿಂದ ಮುಂದಿನ ಸೀಟು ನನ್ನದಾಯಿತು. ಗಂಡಸರು ಬಂದು ಆ ಸೀಟು ಕೇಳಿದರೆ, ಹಿಂದೆ ಗಾಳಿ ಚೆನ್ನಾಗಿ ಬರುತ್ತದೆ ಎಂದು ಕಾಕು ಅವರನ್ನು ಹಿಂದಕ್ಕೆ ಕಳಿಸುತ್ತಿದ್ದಳು.

ಹುಮನಾಬಾದಿನ ಜೀಪು ಸ್ಟ್ಯಾಂಡಿನಲ್ಲಿ ಒಬ್ಬ ಮುಕಾದಮನಿದ್ದ. ಜೀಪುಗಳಿಗೆ ಪಾಳಿ ಹಚ್ಚುವುದು ಅವನ ಕೆಲಸ. ಯಾವ ಜೀಪು ಮೊದಲು ಜನ ತುಂಬಬೇಕು, ಯಾವುದು ಆಮೇಲೆ ಎಂಬುದು ಅವನ ಬಾಯಿಂದ ಬರಬೇಕು. ಪಾಳಿ ಇದ್ದರೆ ಜೀಪಿಗೆ ಜನ, ಜನ ಇದ್ದರೆ ಮನೆಯಲ್ಲಿ ಒಲೆ. ಪಾಳಿ ಹೋದರೆ ಜೀಪು ಅಂಗಳದಲ್ಲಿ ಕೋಳಿ ಕೂಡುವ ಜಾಗವಾಗುತ್ತದೆ. ಕಾಕು ಮೊದಲ ದಿನ ಸ್ಟೇರಿಂಗಿನ ಹಿಂದೆ ಕೂತು ಬಂದಾಗ ಮುಕಾದಮನಿಗೆ ಸುತರಾಂ ಹಿಡಿಸಲಿಲ್ಲ. ಆದರೆ ಕಾಕಾನ ಪಾಳಿ ಬಹಳ ವರ್ಷದ್ದು, ತೆಗೆಯಲು ಕಾರಣ ಬೇಕು. ಅವನು ಕಾರಣಕ್ಕಾಗಿ ಕಾಯುತ್ತ ಕೂತ.

ಕಾರಣ ತಾನಾಗಿ ಬಂತು. ಒಂದು ಬೇಸಿಗೆಯಲ್ಲಿ ಜೀಪು ನಡುಗತೊಡಗಿತು. ಸುಮ್ಮನೆ ಓಡುವಾಗ ಏನೂ ಇಲ್ಲ, ಎಣ್ಣೆ ಹಚ್ಚಿದ ಹಾಗೆ ಓಡುವುದು. ಹೆದ್ದಾರಿಯಲ್ಲಿ ಜೋರಿನಲ್ಲಿದ್ದಾಗ ಬ್ರೇಕಿನ ಮೇಲೆ ಕಾಲಿಟ್ಟರೆ ಮಾತ್ರ ಸ್ಟೇರಿಂಗು ಎಡಬಲಕ್ಕೆ ಗದಗದ ಅಲುಗುವುದು. ಕಾಕುವಿನ ಬಳೆಗಳು ಒಂದಕ್ಕೊಂದು ಬಡಿದು ಸದ್ದು ಮಾಡುವವು. ಹಿಂದೆ ಕೂತವರು ತಮ್ಮ ತಮ್ಮ ಮನೆದೇವರನ್ನು ನೆನೆಯುವರು. ಕೊಹಿನೂರದಿಂದ ಕೂಲಿಗೆ ಬರುವ ಹೆಂಗಸರು ಮಾತ್ರ ನಗುತ್ತಿದ್ದರು. "ಕಾಕು, ನಿಮ್ಮ ಜೀಪಿಗಿ ಥಂಡಿ ಜ್ವರ ಬಂದಾವೇನ್ರಿ?" ಎಂದು ಅವರಲ್ಲೊಬ್ಬಳು ಕೇಳಿದರೆ, ನಿನ್ನನ್ನು ಕೆಳಗಿಳಿಸಿದರೆ ಗುಣವಾಗುತ್ತದೆ ಎಂದು ಕಾಕು ಗದರುವಳು.

ಸುದ್ದಿ ಸ್ಟ್ಯಾಂಡಿಗೆ ನಮಗಿಂತ ಮೊದಲೇ ಮುಟ್ಟಿತ್ತು. ಮುಕಾದಮ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತೇ, ಉಳಿದ ಡ್ರೈವರುಗಳಿಗೆಲ್ಲ ಕೇಳುವ ಹಾಗೆ, ಕಾಕುವನ್ನು ಅತ್ತಿಗೆ ಎಂದು ಕರೆದು ಹೇಳಿದ. "ವೈನಿ, ಗಾಡೀದು ಏನೂ ತಪ್ಪಿಲ್ಲ. ಹೆಣ್ಣ ಕಾಲು ಅದು, ಸದಾ ಬ್ರೇಕಿನ ಮ್ಯಾಲೇ ಇರ್ತದ. ನಡುಕ ಹೋಗೋತನ ಜನ ಹತ್ತಸಬ್ಯಾಡ್ರಿ. ಮುಂದಿನ ಅಮಾಸಿಗಿ ನೋಡ್ತೀನಿ. ಹೋಗಲಿಲ್ಲಂದ್ರ ಪಾಳಿ ಬ್ಯಾರೇದವ್ರಿಗಿ."

ಕಾಕು ಚಾವಿಯನ್ನು ಅವನ ಬೆಂಚಿನ ಮೇಲೆ ಕುಕ್ಕಿ, "ಗಂಡಸ ಕಾಲಿಟ್ಟು ನೋಡ್ರಿ" ಅಂದಳು. ಅಲ್ಲಿದ್ದ ಡ್ರೈವರುಗಳಲ್ಲಿ ಇಬ್ಬರು ಒಬ್ಬರಾದ ಮೇಲೆ ಒಬ್ಬರು ಜೀಪು ಒಯ್ದು ಬಂದರು. ಇಬ್ಬರ ಕೈಯಲ್ಲೂ ಅದು ಹಾಗೇ ನಡುಗಿತ್ತು. ಕೆಳಗಿಳಿದವರು ಮುಕಾದಮನ ಮುಖವನ್ನೂ ನೋಡಲಿಲ್ಲ, ಕಾಕುವಿನ ಮುಖವನ್ನೂ ನೋಡಲಿಲ್ಲ. ಮುಕಾದಮ ತನ್ನ ಮಾತು ಬದಲಿಸಲೂ ಇಲ್ಲ.

ಬಸವಕಲ್ಯಾಣದಲ್ಲಿ ಗಾಡಿ ರಿಪೇರಿ ಮಾಡುವ ಮಿಸ್ತ್ರಿ ಒಳ್ಳೆಯವನೇ. ಆದರೆ ಅವನಿಗೆ ಮೊದಲು ಬಿಚ್ಚುವ ಚಟ, ಆಮೇಲೆ ವಿಚಾರ. ಬ್ರೇಕಿನ ಪ್ಯಾಡು ಹೊಸದು ಹಾಕಿದ, ನಡುಕ ಹೋಗಲಿಲ್ಲ. ಗಾಲಿಗಳ ಬ್ಯಾಲೆನ್ಸು ಮಾಡಿಸಿದ, ಹೋಗಲಿಲ್ಲ. ಸ್ಟೇರಿಂಗಿನ ಡಬ್ಬಿಯನ್ನೇ ಬಿಚ್ಚುತ್ತೇನೆಂದು ಪಾನಾ ಎತ್ತಿದಾಗ ಕಾಕು ಅವನ ಮಣಿಕಟ್ಟು ಹಿಡಿದಳು. "ನಿಲ್ಲೊ ಮಾರಾಯಾ. ಎಲ್ಲಿ ಬ್ಯಾನಿ ಅದ ಅಂತ ಗೊತ್ತಿಲ್ಲದೇ ಮೈ ತುಂಬ ಸೂಜಿ ಚುಚ್ಚಾಕತ್ತೀಯಲ್ಲ" ಅಂದಳು. ಅಂದೇ ಸಂಜೆ ಗೋಡೆಯಾಚೆಯಿಂದ ನನ್ನನ್ನು ಕೂಗಿ, ಬೆಳಿಗ್ಗೆ ಬೇಗ ಬಾ, ನಿನ್ನಿಂದ ಕೆಲಸವಿದೆ ಎಂದಳು.

ಕೊಹಿನೂರದ ಕಡೆಗೆ ಹೋಗುವ ರಸ್ತೆ ಬೆಳಗಿನ ಹೊತ್ತು ಖಾಲಿ ಇರುತ್ತಿತ್ತು. ಎರಡೂ ಕಡೆ ಕರಿಮಣ್ಣಿನ ಹೊಲ, ಕೊಯ್ದ ತೊಗರಿಯ ಕಟ್ಟಿಗೆ. ಕಾಕಾ ಹಿಂದಿನ ಸೀಟಿನಲ್ಲಿ ಕೂತಿದ್ದ. ಕಣ್ಣು ಮಂಜಾದರೂ ಅವನ ಬೆನ್ನಿಗೆ ಆ ಜೀಪಿನ ಒಂದೊಂದು ಬೋಲ್ಟೂ ಗೊತ್ತಿತ್ತು. ನಾನು ಮುಂದೆ. ನನಗೆ ಒಪ್ಪಿಸಿದ ಕೆಲಸ ಇಷ್ಟೇ: ಮೊದಲು ಏನು ಅಲುಗುತ್ತದೆ, ಸ್ಟೇರಿಂಗೋ ಸೀಟೋ, ಅದನ್ನು ಹೇಳಬೇಕು. ನಡೆಸುವವಳಿಗೆ ಹೆದರಿಕೆಯಲ್ಲಿ ಎಲ್ಲವೂ ಅಲುಗಿದ ಹಾಗೆ ಅನ್ನಿಸುತ್ತದೆ, ಅದಕ್ಕೇ ಬೇರೆಯವರ ಮೈ ಬೇಕು ಎಂದಳು.

ಮೊದಲು ಜೋರಾಗಿ ಓಡಿಸಿ, ಬ್ರೇಕು ಮುಟ್ಟದೆ ಜೀಪು ತಾನಾಗಿ ನಿಧಾನವಾಗಲು ಬಿಟ್ಟಳು. ಏನೂ ಇಲ್ಲ. ಹಾಗಾದರೆ ಗಾಲಿಯ ತೂಕದ್ದಲ್ಲ, ಟೈರಿನದ್ದಲ್ಲ ಎಂದ ಕಾಕಾ. ಎರಡನೆಯ ಸಲ ಕಾಲಿನ ಬ್ರೇಕು ಬಿಟ್ಟು ಹ್ಯಾಂಡ್ ಬ್ರೇಕನ್ನು ಮೆಲ್ಲಗೆ, ಬಹಳ ಮೆಲ್ಲಗೆ ಎಳೆದಳು. ಅದು ಹಿಂದಿನ ಎರಡು ಗಾಲಿಗಳನ್ನು ಮಾತ್ರ ಹಿಡಿಯುತ್ತದೆ. ಜೀಪು ಸುಮ್ಮನೆ ನಿಧಾನವಾಯಿತು. ಸೀಟು ಅಲುಗಲಿಲ್ಲ, ಕಾಕಾನ ಬೆನ್ನೂ ಅಲುಗಲಿಲ್ಲ. ಮೂರನೆಯ ಸಲ ಕಾಲಿನ ಬ್ರೇಕು. ಸ್ಟೇರಿಂಗು ಕುಣಿಯಿತು. "ಸ್ಟೇರಿಂಗ್ ಕಾಕು, ಸ್ಟೇರಿಂಗ್!" ಎಂದು ನಾನು ಕಿರುಚಿದೆ. ಮುಂದಿನ ಗಾಲಿ, ಬ್ರೇಕು ಹಿಡಿಯುವ ಜಾಗ ಎಂದು ಕಾಕಾ ಹಿಂದಿನಿಂದ ಹೇಳಿದ. ರಸ್ತೆಯ ಪಕ್ಕ ಜೀಪು ನಿಲ್ಲಿಸಿ ಕಾಕು ಮಿಸ್ರಿಯ ಡಬ್ಬಿ ತೆಗೆದಳು. ಆಕೆಯ ಮುಖ ಗೆದ್ದವರದು.

ಆ ಜೀಪಿನ ಮುಂದಿನ ಗಾಲಿಗಳಿಗೆ ಡಿಸ್ಕು ಇತ್ತು. ಗಾಲಿಯ ಜೊತೆ ತಿರುಗುವ ಕಬ್ಬಿಣದ ತಟ್ಟೆ ಅದು. ಎರಡೂ ಕಡೆಯಿಂದ ಪ್ಯಾಡುಗಳು ಅದನ್ನು ಒತ್ತಿ ಹಿಡಿದರೆ ಗಾಡಿ ನಿಲ್ಲುತ್ತದೆ. ಗಾಲಿ ಬಿಚ್ಚಿ ಮಿಸ್ತ್ರಿ ಆ ತಟ್ಟೆಯನ್ನು ಕಣ್ಣಲ್ಲೇ ನೋಡಿ, ಸಪಾಟಾಗಿದೆ ಎಂದ. ಕಾಕು ನನ್ನ ಕಡೆ ತಿರುಗಿ, "ನಿನ್ನ ಬಟ್ಟಿಗಿ ಗೆರಿ ಹೊಡಿಯೋ ಸುಣ್ಣ ತಾ" ಅಂದಳು. ಬಟ್ಟೆ ಕತ್ತರಿಸುವ ಮೊದಲು ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ, ನನ್ನ ಚೀಲದಲ್ಲಿ ಯಾವಾಗಲೂ ಇರುವಂಥದ್ದು. ಇಟ್ಟಿಗೆಗಳನ್ನು ಒಟ್ಟಿ, ಅದರ ಮೇಲೆ ಕೈ ಊರಿ, ಸುಣ್ಣದ ಅಂಚು ತಟ್ಟೆಗೆ ಇನ್ನೇನು ತಾಗುತ್ತದೆ ಎನ್ನುವಷ್ಟು ಹತ್ತಿರ ಹಿಡಿದು ಕೂತಳು. ಮಿಸ್ತ್ರಿ ತಟ್ಟೆಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ. ಸಪಾಟಾಗಿದ್ದರೆ ಸುತ್ತಲೂ ಗೆರೆ ಬರಬೇಕು, ಇಲ್ಲವೇ ಎಲ್ಲೂ ಬರಬಾರದು. ಒಂದೇ ಕಡೆ ಬಂತು. ಅಂಗೈ ಅಗಲದಷ್ಟು ಜಾಗದಲ್ಲಿ ಬಿಳಿ ಗೆರೆ, ಉಳಿದದ್ದೆಲ್ಲ ಖಾಲಿ.

ಮಿಸ್ತ್ರಿಯೂ ಸುಮ್ಮನಾಗಲಿಲ್ಲ. ತಟ್ಟೆಯದೇ ತಪ್ಪೋ, ಅದು ಕೂರುವ ಗಾಲಿಯ ನಡುಭಾಗದ, ಹಬ್ಬಿನ, ತಪ್ಪೋ ಎಂದು ಕೇಳಿದ. ಆ ಪ್ರಶ್ನೆಗೆ ಕಾಕು ಅವನ ಬೆನ್ನು ತಟ್ಟಿದಳು. ತಟ್ಟೆ ಬಿಚ್ಚಿ, ತುಕ್ಕು ಒರೆಸಿ, ಬೋಲ್ಟಿನ ತೂತು ಬದಲಿಸಿ ಅರ್ಧ ಸುತ್ತು ಆಚೆಗೆ ಕೂರಿಸಿದರು. ಮತ್ತೆ ಸುಣ್ಣ ಹಿಡಿದರೆ ಹೊಸ ಗೆರೆ ಸರಿಯಾಗಿ ಹಳೆಯ ಗೆರೆಯ ಮೇಲೇ ಬಿತ್ತು. ತಟ್ಟೆಯೇ ಡೊಂಕು. ಎರಡೂ ತಟ್ಟೆಗಳನ್ನು ಹುಮನಾಬಾದಿನಲ್ಲಿ ಕಬ್ಬಿಣ ಹೆರೆಯುವ ಲೇತಿನವನ ಹತ್ತಿರ ಒಯ್ದು ಕೂದಲೆಳೆಯಷ್ಟು ಹೆರೆಸಿಕೊಂಡು ಬಂದರು. ಮರುದಿನ ರಾಜೇಶ್ವರದ ಹತ್ತಿರ ಲಾರಿಯೊಂದು ಅಡ್ಡ ಬಂದಾಗ ಕಾಕು ಪೂರ್ತಿ ಬ್ರೇಕು ಒತ್ತಿದಳು. ಬಳೆಗಳು ಸದ್ದೇ ಮಾಡಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು... ಮುಗಿಯಲಿಲ್ಲ.

ಸ್ಟ್ಯಾಂಡಿನಲ್ಲಿ ಒಂದು ಪದ್ಧತಿ ಇತ್ತು. ಅಮಾವಾಸ್ಯೆಯ ದಿನ ಮೊದಲ ಸವಾರಿ ಮುಗಿಸಿ ಬಂದ ಜೀಪಿನ ಗಾಲಿಗಳಿಗೆ ಮುಕಾದಮ ಕೊಡದಿಂದ ಬಾವಿಯ ನೀರು ಸುರಿಯುತ್ತಿದ್ದ. ಅದಾದ ಮೇಲೆ ಕುಂಕುಮ, ನಿಂಬೆಹಣ್ಣು, ತೆಂಗಿನಕಾಯಿ. ದಾರಿಯಲ್ಲಿ ಹತ್ತಿದ ದೃಷ್ಟಿ ಬಂದ ಕೂಡಲೇ ಇಳಿಯಬೇಕು, ಗಾಡಿ ನಿಂತು ತಣ್ಣಗಾಗುವ ಮೊದಲೇ ಆಗಬೇಕು ಎಂಬ ನಂಬಿಕೆ. ಯಾರು ಮೊದಲು ಬಂದು ನೀರು ಹಾಕಿಸಿಕೊಳ್ಳುತ್ತಾರೋ ಅವರಿಗೆ ಅಂದಿನ ಮೊದಲ ಪಾಳಿ. ಹಾಗಾಗಿ ಅಂದು ಎಲ್ಲರೂ ಜೀಪುಗಳನ್ನು ಯಾರೋ ಬೆನ್ನಟ್ಟಿದ ಹಾಗೆ ಓಡಿಸುವರು. ಕಾಕು ಎಲ್ಲರಿಗಿಂತ ಜೋರು. ಆ ಅಮಾವಾಸ್ಯೆಗೆ ಮೊದಲು ಬಂದವಳು ಆಕೆಯೇ. ನಡುಕ ಹೋದದ್ದನ್ನು ಮುಕಾದಮ ತಾನೇ ಜೀಪಿನಲ್ಲಿ ಕೂತು ನೋಡಿ, ತುಟಿ ಬಿಗಿದು ಪಾಳಿ ಹಚ್ಚಿದ. ಕೊಡದ ನೀರು ಗಾಲಿಯ ಮೇಲೆ ಬಿದ್ದಾಗ ಚುಂಯ್ ಎಂದು ಆವಿ ಎದ್ದಿತು. ನಾವು ಕೈಮುಗಿದು ನಿಂತಿದ್ದೆವು.

ಅದಾದ ಕೆಲವೇ ದಿನಕ್ಕೆ ಬಳೆಗಳು ಮತ್ತೆ ಸದ್ದು ಮಾಡಿದವು. ನನಗೆ ಅಳು ಬಂತು. ಕಾಕು ಅಳಲಿಲ್ಲ, ಬೈಯಲೂ ಇಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಗಾಲಿ ಬಿಚ್ಚಿಸಿ ಮತ್ತೆ ಸುಣ್ಣ ಹಿಡಿದಳು. ಮತ್ತೆ ಒಂದೇ ಕಡೆ ಗೆರೆ. ಸಂಜೆ ಕಾಕು ರೊಟ್ಟಿ ಬಡಿಯುತ್ತ ಕೂತಿದ್ದಾಗ ನಾನು ಅವರ ಅಡುಗೆಮನೆಯ ಹೊಸ್ತಿಲಲ್ಲಿದ್ದೆ. ಕಾದ ತವಾ ಕೆಳಗಿಳಿಸಿ ಅದರತ್ತ ನೋಡುತ್ತ ನೋಡುತ್ತ ಆಕೆ ಬಡಿಯುವುದನ್ನು ನಿಲ್ಲಿಸಿದಳು. "ಕಾಯ್ದ ತವಾದ ಮ್ಯಾಗ ತಣ್ಣೀರ ಹೊಯ್ದ್ರ ನಮ್ಮ ಅತ್ತಿ ನನ್ನ ಬಡೀತಿದ್ಳು. ತವಾ ಡೊಂಕ ಆಗ್ತದ ಅಂತ" ಅಂದಳು. ಕೈಯ ಹಿಟ್ಟು ಒರೆಸಿಕೊಂಡು, "ಎಲ್ಲಾರ ಜೀಪಿಗಿ ಡ್ರಮ್ಮಿನ ಬ್ರೇಕು. ಮ್ಯಾಲ ಮುಚ್ಚಳ ಅದ. ನಂದ ಒಂದ ತೆರದದ್ದು" ಎಂದಳು. ಅಮಾವಾಸ್ಯೆಯ ಕೊಡದ ನೀರೇ ಕಾದ ತಟ್ಟೆಯನ್ನು ಡೊಂಕು ಮಾಡಿತ್ತು. ಮುಂದಿನ ಅಮಾವಾಸ್ಯೆಗೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ತಟ್ಟೆಗಳನ್ನು ಮತ್ತೆ ಹೆರೆಸಿದ್ದಾಯಿತು. ಇನ್ನೊಂದು ಸಲ ಹೆರೆದರೆ ಉಳಿಯುವುದಿಲ್ಲ, ಕಾಗದದ ಹಾಗಾಗುತ್ತದೆ ಎಂದು ಲೇತಿನವನು ಕೈ ಮುಗಿದ. ಅಮಾವಾಸ್ಯೆ ಬಂತು. ಕಾಕು ಅಂದು ಓಟಕ್ಕೆ ಬೀಳದೆ ನಿಧಾನವಾಗಿ ಬಂದಳು. ಆದರೂ ಬೇಸಿಗೆಯ ರಸ್ತೆ, ಗಾಡಿಯ ತುಂಬ ಜನ, ಬಜಾರಿನ ಗದ್ದಲದಲ್ಲಿ ಹತ್ತು ಕಡೆ ನಿಲ್ಲಿಸಿ ಬಂದದ್ದು. ಗಾಲಿ ಕಾದೇ ಇತ್ತು. ಮುಕಾದಮ ಕೊಡ ಎತ್ತಿಕೊಂಡು ಬಂದ. ಕಾಕು ಕೆಳಗಿಳಿದು ಗಾಲಿಯ ಮುಂದೆ ನಿಂತಳು.

"ನೀರ ಬ್ಯಾಡ ಅನ್ನಂಗಿಲ್ರಿ. ಗಾಲಿ ಆರಲಿ. ಒಂದ ಚಾ ಕುಡಿಯೋತನ ನಿಲ್ರಿ, ಆಮ್ಯಾಗ ಒಂದಲ್ಲ ನಾಕ ಕೊಡ ಹಾಕ್ರಿ" ಅಂದಳು. ಡಿಸ್ಕಿನ ಮಾತು, ತವಾದ ಮಾತು, ಸುಣ್ಣದ ಗೆರೆಯ ಮಾತು ಎಲ್ಲವನ್ನೂ ಹೇಳಿದಳು. ಬಗ್ಗಿ ಬೆರಳಿನಿಂದ ಎರಡು ಹನಿ ಚಿಮುಕಿಸಿ, ಚುಂಯ್ ಎನ್ನುವುದನ್ನು ಅವನ ಕಿವಿಗೆ ಕೇಳಿಸಿದಳು. ಡ್ರೈವರುಗಳಲ್ಲಿ ಒಂದಿಬ್ಬರು ತಲೆದೂಗಿದರು ಕೂಡ.

ಮುಕಾದಮನಿಗೆ ಅದು ಅರ್ಥವಾಗಿತ್ತು ಎಂದು ನಾನು ಇಂದಿಗೂ ಆಣೆ ಮಾಡಿ ಹೇಳುತ್ತೇನೆ. ಅವನ ಕಣ್ಣು ಒಂದು ಗಳಿಗೆ ಆ ತಟ್ಟೆಯ ಮೇಲೆ ನಿಂತಿತ್ತು. ಆದರೆ ಅಷ್ಟು ಜನರ ಮುಂದೆ ಕೊಡ ಕೆಳಗಿಟ್ಟರೆ ಅವನು ಮುಕಾದಮ ಹೇಗಾದಾನು? "ದೇವರ ಕೆಲಸ ನಿಮ್ಮ ಚಾ ಕುಡಿಯೋತನ ನಿಲ್ತದೇನು ವೈನಿ? ಸರೀರಿ" ಎಂದು ಕೊಡ ಎತ್ತಿದ.

ಕಾಕು ಸರಿಯಲಿಲ್ಲ. ಗಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೇಬಿಟ್ಟಳು. ಎತ್ತಿದ ಕೊಡ ಇಳಿಸಲಾರದೆ ಮುಕಾದಮ ಅದನ್ನು ಹಾಗೇ ಬಗ್ಗಿಸಿದ. ಇಡೀ ಕೊಡದ ನೀರು ಆಕೆಯ ನೆತ್ತಿಯ ಮೇಲೆ ಬಿತ್ತು. ಕಾಕು ಎದ್ದಳು. ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. ಸೆರಗು ಹಿಂಡಿ ಮುಖ ಒರೆಸಿಕೊಂಡು, ಇಡೀ ಬಜಾರಿಗೆ ಕೇಳುವ ಹಾಗೆ ಹೇಳಿದಳು. "ಆತಲ್ಲ? ಗಾಡಿ ನಡಸಾಕಿ ನಾನ. ನನ್ನ ದೃಷ್ಟಿ ಇಳೀತಂದ್ರ ಗಾಡೀದೂ ಇಳೀತು. ಈಗ ಪಾಳಿ ಹಚ್ರಿ."

ಅವನು ಹಚ್ಚಲಿಲ್ಲ. ಅಂದಿಗೂ ಇಲ್ಲ, ಅಂದಿನಿಂದ ಮುಂದಕ್ಕೂ ಇಲ್ಲ ಎಂದ. ಯಾವ ಡ್ರೈವರೂ ಬಾಯಿ ತೆರೆಯಲಿಲ್ಲ, ತಲೆದೂಗಿದವರೂ ಕೂಡ. ಕಾಕು ಒದ್ದೆ ಸೀರೆಯಲ್ಲೇ ಸ್ಟೇರಿಂಗಿನ ಹಿಂದೆ ಕೂತು ಖಾಲಿ ಜೀಪನ್ನು ಸ್ಟ್ಯಾಂಡಿನಿಂದ ಹೊರಗೆ ತಂದಳು. ಸ್ವಲ್ಪ ದೂರ, ಹಳೆಯ ಗೋದಾಮಿನ ಗೋಡೆಯ ಹತ್ತಿರ ನಿಲ್ಲಿಸಿ, ಬಾಗಿಲಿನಿಂದ ತಲೆ ಹೊರಹಾಕಿ "ಕಲ್ಯಾಣ, ಕಲ್ಯಾಣ" ಎಂದು ತಾನೇ ಕೂಗತೊಡಗಿದಳು. ಮೊದಲು ಬಂದವರು ಕೊಹಿನೂರದ ಆ ಕೂಲಿ ಹೆಂಗಸರು. ಸ್ಟ್ಯಾಂಡಿನಲ್ಲಿ ತುಂಬುತ್ತಿದ್ದ ಜೀಪಿನಿಂದ ಇಳಿದು, ಬುತ್ತಿಗಂಟು ಎತ್ತಿಕೊಂಡು ನಡೆದು ಬಂದರು. ಅವರಲ್ಲೊಬ್ಬಳು ತನ್ನ ಟವೆಲ್ಲನ್ನು ಕಾಕುವಿನ ತಲೆಗೆ ಸುತ್ತಿದಳು. ನನಗೆ ಅವರ ಮೇಲೆ ಉಕ್ಕಿದ ಪ್ರೀತಿಯನ್ನು ಈಗಲೂ ಹೇಳಲು ಬಾರದು.

ಆದರೆ ಆ ದಿನಗಳು ಸುಲಭವಾಗಿದ್ದವು ಎಂದು ಯಾರೂ ತಿಳಿಯಬಾರದು. ಅದು ದೃಷ್ಟಿ ಇಳಿಯದ ಜೀಪು, ಹತ್ತಿದರೆ ಕೇಡು ಎಂದು ಸ್ಟ್ಯಾಂಡಿನವರು ಜನರಿಗೆ ಹೇಳತೊಡಗಿದರು. ನಿರ್ಣಾ ಊರಿನಿಂದ ಬಂದು ಹುಮನಾಬಾದಿನಲ್ಲಿ ಜೀಪು ಬದಲಿಸುವ ಖಾಯಂ ಮಂದಿ ಹತ್ತುವುದನ್ನು ಬಿಟ್ಟರು. ಎಷ್ಟೋ ದಿನ ಹಿಂದಿನ ಸೀಟಿನಲ್ಲಿ ನನ್ನ ಗಂಟುಗಳೇ ಕೂತು ಬಂದವು. ಜೀಪು ಮಾತ್ರ ಆಮೇಲೆ ಎಂದೂ ನಡುಗಲಿಲ್ಲ. ಆ ಖಾಲಿ ಸವಾರಿಗಳಲ್ಲೇ ಕಾಕು ನನಗೆ ಗಾಡಿ ಕಲಿಸಿದಳು. ತಪ್ಪು ಗೇರು ಹಾಕಿದರೆ ಮೊಣಕೈಗೆ ಹೊಡೆಯುವಳು.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಪ್ರತಿ ಅಮಾವಾಸ್ಯೆಗೆ ಕಾಕು ಗೋದಾಮಿನ ಗೋಡೆಯ ಹತ್ತಿರ ಜೀಪು ನಿಲ್ಲಿಸಿ, ಗಾಲಿಯ ಹತ್ತಿರ ಅಂಗೈ ಹಿಡಿದು ಬಿಸಿ ನೋಡುತ್ತ ಕೂಡುವಳು. ಆರಿದ ಮೇಲೆ ತಾನೇ ಬಾವಿಯಿಂದ ನೀರು ತಂದು ನಾಲ್ಕೂ ಗಾಲಿಗೆ ಹಾಕಿ, ಕಾಯಿ ಒಡೆದು, ಕುಂಕುಮ ಹಚ್ಚಿ, ಪ್ರಸಾದದ ಚೂರು ಹಿಡಿದುಕೊಂಡು ಸ್ಟ್ಯಾಂಡಿಗೆ ನಡೆದು ಹೋಗುವಳು. ಮುಕಾದಮನ ಮುಂದೆ ಚೂರು ಇಟ್ಟು, "ನೀರ ಹಾಕೀನಿ. ಪಾಳಿ ಹಚ್ರಿ" ಅನ್ನುವಳು. ಅವನು ಬೇರೆ ಕಡೆ ನೋಡುವನು. ಆಕೆ ತಿರುಗಿ ಬರುವಳು. ಮುಂದಿನ ಅಮಾವಾಸ್ಯೆಗೆ ಮತ್ತೆ ಹೋಗುವಳು. ಯಾಕೆ ಮರ್ಯಾದೆ ಕಳೆದುಕೊಳ್ಳುತ್ತೀರಿ ಕಾಕು ಎಂದು ನಾನು ಒಮ್ಮೆ ಕೇಳಿದ್ದೆ. ಕೇಳದಿದ್ದರೆ ನಾನೇ ಬಿಟ್ಟುಕೊಟ್ಟ ಹಾಗಾಗುತ್ತದೆ ಎಂದಿದ್ದಳು.

ಆಮೇಲೆ ಕಾಕುವಿಗೆ ಹೊಟ್ಟೆಯಲ್ಲಿ ನೋವು ಕಾಣಿಸಿಕೊಂಡಿತು. ಗಾಡಿ ನಡೆಸುವ ನೋವು, ಕೂತು ಕೂತು ಬಂದದ್ದು ಎಂದು ತಳ್ಳಿಹಾಕಿದಳು. ದೊಡ್ಡಾಸ್ಪತ್ರೆಗೆ ಹೋಗುವ ಹೊತ್ತಿಗೆ ಬಹಳ ತಡವಾಗಿತ್ತು... ಮಲಗಿದಲ್ಲೇ ನನ್ನನ್ನು ಕರೆದು, ಜೀಪು ದಿನಾ ಒಂದು ಸಲ ಶುರುಮಾಡು, ಇಲ್ಲದಿದ್ದರೆ ಬ್ಯಾಟರಿ ಇಳಿದುಹೋಗುತ್ತದೆ ಎನ್ನುವಳು. ಕೊನೆಯ ಅಮಾವಾಸ್ಯೆಗೆ ಆಕೆಯ ಬದಲು ನಾನು ಹೋಗಿ ಪಾಳಿ ಕೇಳಿದೆ. ನನ್ನ ಕಡೆಗೂ ಯಾರೂ ನೋಡಲಿಲ್ಲ.

ಕಾಕುವನ್ನು ಮಣ್ಣು ಮಾಡಿದ ದಿನ ಮುಕಾದಮ ಬಂದಿದ್ದ. ಅದಕ್ಕೆ ಅವನನ್ನು ಹೊಗಳುವವರಿದ್ದಾರೆ, ಹೊಗಳಲಿ. ಹೂವಿನ ಹಾರ ಹಾಕಿ, ಕಾಕಾನ ಹತ್ತಿರ ಕೂತು, "ವೈನಿ ಜರಾ ಹಟಾ ಬಿಟ್ಟಿದ್ರ..." ಎಂದು ಶುರುಮಾಡಿದ. ಕಾಕಾನಿಗೆ ಆ ಹೊತ್ತಿಗೆ ಏನೂ ಕಾಣುತ್ತಿರಲಿಲ್ಲ. ಧ್ವನಿ ಬಂದ ಕಡೆಗೆ ಮುಖ ತಿರುಗಿಸಿ, "ಗಾಲಿ ಆರೋತನ ನಿಲ್ರಿ ಅಂದಿದ್ಳು ಆಕಿ. ಅಷ್ಟ ಕೇಳಿದ್ಳು. ಹಟಾ ಯಾರದ್ರಿ?" ಎಂದ. ಮುಕಾದಮ ಎದ್ದು ಹೋದ. ಕಾಕಾನೂ ಮುಂದಿನ ವರ್ಷ ಹೋದ. ಜೀಪು ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ, ಅವರ ಕಡೆಯ ಬಳಗದವರು ಒಯ್ದರು.

ಹೋದ ವಾರ ಆ ಗ್ಯಾರೇಜಿನವನಿಗೆ ನಾನು ಗಾಲಿ ಬಿಚ್ಚಲು ಹೇಳಿದೆ. ಇಟ್ಟಿಗೆ ಒಟ್ಟಿಸಿ, ಸುಣ್ಣ ಹಿಡಿದು ಕೂತೆ. ಅವನು ತಟ್ಟೆ ತಿರುಗಿಸಿದ. ಗೆರೆ ಸುತ್ತಲೂ ಒಂದೇ ಸಮ ಬಂತು; ತಟ್ಟೆ ಸರಿಯಿತ್ತು. ಆಚೆ ಗಾಲಿಯಲ್ಲಿ ಬ್ರೇಕಿನ ಪ್ಯಾಡು ತುಕ್ಕಿಗೆ ಸಿಕ್ಕಿಕೊಂಡು, ಬಿಡದೆ ಉಜ್ಜಿ ಉಜ್ಜಿ ಸುಡುತ್ತಿತ್ತು. ಅದನ್ನು ಬಿಡಿಸಿ ಒರೆಸಿ ಕೂರಿಸಿದ. ನಡುಕ ಹೋಯಿತು. ಮಾರುವ ಮಾತು ಅವನೂ ಮತ್ತೆ ಎತ್ತಲಿಲ್ಲ.

ಇದನ್ನೆಲ್ಲ ಯಾರು ಕಲಿಸಿದರು ಎಂದು ಕೇಳಿದ. ಹೇಳಿದೆ. ಅವನ ಮುಖ ಅರಳಿತು. ಕಾಕುವಿನ ಕಥೆ ಅವನಿಗೂ ಗೊತ್ತು, ಅವನ ಅಪ್ಪ ಅದೇ ಸ್ಟ್ಯಾಂಡಿನಲ್ಲಿ ಜೀಪು ಓಡಿಸುತ್ತಿದ್ದನಂತೆ. "ಭಾರಿ ಹೆಣ್ಮಗಳರಿ ಆಕಿ! ನಿಮ್ಮ ಪಾಳೀನ ಬ್ಯಾಡ ಅಂತ ಮುಕಾದಮನ ಮಾರಿ ಮ್ಯಾಲ ಹೇಳಿ ಎದ್ದ ಹೋದಾಕಿ. ಕೈ ಹಿಡದ ಕೊಟ್ಟಿದ್ರೂ ತಗೋತಿದ್ದಿಲ್ಲಂ‌ತ ಆಕಿ" ಎಂದ, ಹೆಮ್ಮೆಯಿಂದ.

ಈಗ ಎಲ್ಲರೂ ಹೀಗೇ ಹೇಳುತ್ತಾರೆ. ಅಂದು ಬಾಯಿ ತೆರೆಯದವರ ಮಕ್ಕಳೂ ಹೀಗೇ ಹೇಳುತ್ತಾರೆ. ಕೇಳಲು ಚೆನ್ನಾಗಿರುತ್ತದೆ, ಪಾಳಿ ಕೊಡದೆ ಉಳಿದವರಿಗೆ ಮನಸ್ಸೂ ಹಗುರವಾಗುತ್ತದೆ. ಕಾಕು ಈಗಿಲ್ಲ, ತಾನೇ ಬಂದು ಜಗಳವಾಡಲಾರಳು. ಅದಕ್ಕೇ ನಾನು ಅವನ ಗ್ಯಾರೇಜಿನ ಮುಂದೆ ನಿಂತು, ಆಕೆಯಷ್ಟೇ ಗಟ್ಟಿಯಾಗಿ ಹೇಳಿ ಬಂದೆ. ಸುಳ್ಳು ಅದು. ಕೊಟ್ಟಿದ್ದರೆ ತೆಗೆದುಕೊಳ್ಳುತ್ತಿದ್ದಳು. ಆ ಪಾಳಿ ಆಕೆಯದೇ ಆಗಿತ್ತು.